ಬಟಾಣಿ ಹಾಡು ಹಾಡಿದ್ದು ಯಾರು?

ಬೈಯುವುದಕ್ಕಾದರೂ ಒಂದು ಸಲ ಪೂರ್ತಿ ಕೇಳಬೇಕಲ್ಲ ಎಂದು ಕಿವಿ ಸಾಹೇಬರು ‘ಬಾರೇ ನನ್ನ ಬಟಾಣಿ’ ಹಾಡನ್ನು ಕೇಳಿದ್ದರು. ಅಲ್ಲೇ ಕೆಟ್ಟಿತು. ಆಮೇಲೆ ದಿನಕ್ಕೆ ಎರಡು ಸಲ ಅದನ್ನು ಕೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹಾಗಂತ ಬೈಯುವುದನ್ನೇನೂ ಬಿಟ್ಟಿರಲಿಲ್ಲ.

ಅವರದು ಕಿವಿ ಮೆಷಿನ್ ಅಂಗಡಿ. ಮುಂದೆ ಗಿರಾಕಿಗಳು ಕೂರುವ ಹಾಲು, ಹಿಂದಿನ ಬಾಗಿಲ ಆಚೆ ಊಟದ ಜಾಗ, ಅದರ ಪಕ್ಕ ಶ್ರವಣ ಪರೀಕ್ಷೆಯ ಕೋಣೆ. ಕೋಣೆಯ ಗೋಡೆಗೆಲ್ಲ ಸ್ಪಂಜು, ಬಾಗಿಲು ಗೇಣು ದಪ್ಪ. ಒಳಗೆ ಕೂತು ಅರಚಿದರೂ ಹೊರಗೆ ಕೇಳದು. ಊಟದ ಹೊತ್ತಿಗೆ ಸಾಹೇಬರು ಅದರೊಳಗೆ ಸೇರಿ, ಹೆಡ್‌ಫೋನ್ ಏರಿಸಿ, ಬಟಾಣಿ ಹಾಡಿಗೆ ದನಿಗೂಡಿಸುತ್ತಿದ್ದರು. ಮನೆಯಲ್ಲಿ ಆ ಮಾತೇ ಇಲ್ಲ. ಮಾವ ಸಂಗೀತದ ಮೇಷ್ಟ್ರು. ಹುಡುಗನಿಗೆ ರಾಗ ಗೊತ್ತು ಎಂಬ ಒಂದೇ ಕಾರಣಕ್ಕೆ ಮಗಳನ್ನು ಕೊಟ್ಟವರು. ಆ ಮರ್ಯಾದೆ ಹೋದರೆ ಇನ್ನೇನು ಉಳಿಯಿತು?

ಆ ದಿನ ಸಂಜೆ ಬಟಾಣಿ ಗಾಯಕನ ಕಾರ್ಯಕ್ರಮ ಅದೇ ಊರಿನಲ್ಲಿ. ಟಿಕೆಟ್ಟಿನ ಸಾಲಿನಲ್ಲಿ ಯಾರಾದರೂ ನೋಡಿಯಾರೆಂದು ಸಾಹೇಬರು ಮೂರು ದಿನ ಬೀದಿಯ ತುದಿಯಿಂದಲೇ ವಾಪಸಾಗಿದ್ದರು. ನಾಲ್ಕನೇ ದಿನ ‘ಟಿಕೆಟ್ ಮುಗಿದಿದೆ’ ಎಂಬ ಬೋರ್ಡು ನೇತಾಡುತ್ತಿತ್ತು. ಆ ಬೋರ್ಡು ಬರೆದವನ ಮೇಲೆ ಅವರಿಗೆ ಇನ್ನೂ ಸಿಟ್ಟು.

ಅದರ ಮೇಲೆ ಮಾವನ ಅವಸರ. ಮೆಷಿನ್ ಬೇಡವೇ ಬೇಡ ಎಂದು ಮೂರು ವರ್ಷ ಹಟ ಹಿಡಿದಿದ್ದ ಮನುಷ್ಯ, ಅಂದು ಬಾಗಿಲು ತೆಗೆಯುವ ಮುಂಚೆಯೇ ಬಂದು, "ಇವತ್ತೇ ಹಾಕ್ಕೊಡಿ ಅಳಿಯಂದ್ರೇ" ಎಂದು ಕೂತಿದ್ದರು. ಅವರಿಗೂ, ಒಬ್ಬ ಅಜ್ಜಿಗೂ, ಒಬ್ಬ ಹಳೇ ಬಸ್ ಡ್ರೈವರಿಗೂ ಮೆಷಿನ್ ಹಾಕಿ, "ಒಂದ್ಗಂಟೆ ಇಲ್ಲೇ ಕೂತು ಸದ್ದು ಅಭ್ಯಾಸ ಮಾಡ್ಕೊಳ್ಳಿ" ಎಂದು ಹಾಲಿನಲ್ಲಿ ಕೂರಿಸಿ, ಸಾಹೇಬರು ತಮ್ಮ ದುಃಖ ಮರೆಯಲು ಕೋಣೆ ಹೊಕ್ಕರು.

ದುಃಖದ ಜೊತೆಗೆ ಇನ್ನೊಂದನ್ನೂ ಮರೆತರು. ಒಳಗೆ ಕೂತವರು ಹೇಳಿದ್ದು ಹೊರಗಿನ ಸ್ಪೀಕರಿನಲ್ಲಿ ಕೇಳಲೆಂದು ಕೋಣೆಯಲ್ಲೊಂದು ಮೈಕು ಇದೆ. ಅಜ್ಜಿಯ ಪರೀಕ್ಷೆಗೆಂದು ಬೆಳಿಗ್ಗೆ ಒತ್ತಿದ್ದ ಅದರ ಸ್ವಿಚ್ಚು ಹಾಗೇ ಇತ್ತು.

ಹಾಡು ಎರಡು ಸಲ ಆಯಿತು. ಎರಡನೇ ಸಲ ಸಾಹೇಬರು ಡೋಲನ್ನೂ ಬಾಯಲ್ಲೇ ಬಾರಿಸಿದರು. ಬೆವರೊರೆಸಿಕೊಂಡು ಹಾಲಿಗೆ ಬಂದರೆ ಮೂವರೂ ಹಿಂದಿನ ಬಾಗಿಲನ್ನೇ ನೋಡುತ್ತಿದ್ದರು.

"ಯಾರಪ್ಪಾ ಒಳಗೆ ಹಾಡಿದ್ದು?" ಎಂದರು ಅಜ್ಜಿ. "ಎರಡನೇ ಚರಣದಲ್ಲಿ ಉಸಿರು ಸಾಲ್ಲಿಲ್ಲ."

ಸಾಹೇಬರ ಕಣ್ಣು ಸ್ಪೀಕರಿನ ಕೆಂಪು ದೀಪದ ಮೇಲೆ ಬಿತ್ತು. ಇವರೆಲ್ಲ ಕಿವುಡರಲ್ಲವೇ ಎಂಬ ಸಮಾಧಾನ ಅರೆಗಳಿಗೆ ಬಂತು. ಆ ಕಿವುಡನ್ನು ಬೆಳಿಗ್ಗೆ ತಾವೇ ಕೈಯಾರೆ ಕಳೆದದ್ದು ಆಮೇಲೆ ನೆನಪಾಯಿತು.

ಪುಣ್ಯಕ್ಕೆ, ಹೊಸ ಮೆಷಿನ್ನಿನಲ್ಲಿ ಮೊದಲ ದಿನ ಎಲ್ಲರ ದನಿಯೂ ತಗಡಿನ ಡಬ್ಬದೊಳಗಿಂದ ಬಂದ ಹಾಗಿರುತ್ತದೆ. ಅಷ್ಟರಲ್ಲಿ, ಕೌಂಟರಿನಲ್ಲಿ ಕೂರುವ ಕೌಂಟರಣ್ಣ ಹಿಂದುಗಡೆ ಊಟ ಮುಗಿಸಿ ಕೈ ಒರೆಸುತ್ತ ಬಂದರು.

"ಎಷ್ಟು ಸಲ ಹೇಳಿದೀನಿ ನಿಮ್ಗೆ, ಕೋಣೆಯೊಳಗೆ ಹಾಡ್ಬೇಡಿ ಅಂತ!" ಸಾಹೇಬರು ಗುಡುಗಿದರು.

"ನಾನಾ? ಹಾಡಂದ್ರೆ ನಂಗೆ ತಲೆನೋವು ಸಾಹೇಬ್ರೇ! ಮಗಳ ಮದುವೇಲೂ ಕಿವಿಗೆ ಹತ್ತಿ ಇಟ್ಕೊಂಡು..."

ಪಿಸುಗುಟ್ಟುವಂತಿಲ್ಲ, ಹೊಸ ಕಿವಿಗಳು ಎದುರಿಗೇ ಕೂತಿವೆ. ಸಾಹೇಬರು ಅವರಿಗೆ ಬೆನ್ನು ಹಾಕಿ ಚೀಟಿಯಲ್ಲಿ ‘ಶನಿವಾರ ರಜಾ’ ಎಂದು ಬರೆದು ತೋರಿಸಿದರು. ಕೌಂಟರಣ್ಣ ಎರಡು ಬೆರಳೆತ್ತಿದರು. ಸಾಹೇಬರು ಹಲ್ಲು ಕಚ್ಚಿ ತಲೆಯಾಡಿಸಿದರು.

"ಹಾಡ್ದೆ. ತಪ್ಪಾಯ್ತು," ಎಂದರು ಕೌಂಟರಣ್ಣ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮಾವ ನೋಡುತ್ತಿದ್ದರಲ್ಲ! "ಇದೂ ಒಂದು ಹಾಡಾ?" ಎಂದು ಸಾಹೇಬರು ಮೇಜು ಕುಟ್ಟಿದರು. "ರಾಗ ಇಲ್ಲ, ತಾಳ ಇಲ್ಲ, ಮಾನ ಮೊದಲೇ ಇಲ್ಲ! ಪ್ರೀತಿಸೋ ಹುಡುಗೀನ ಬಟಾಣಿ ಅಂತಾನೆ! ಇಂಥದ್ದನ್ನ ಕೇಳೋರ ಕಿವಿಗೆ ಸೀಸ ಕಾಸಿ ಹೊಯ್ಬೇಕು!"

ಮಾವ ಯಾಕೋ ಮೆಲ್ಲಗೆ ತಮ್ಮ ಹೊಸ ಮೆಷಿನ್ನನ್ನು ಮುಟ್ಟಿ ನೋಡಿಕೊಂಡರು.

ಒಂದು ಗಂಟೆ ಕಳೆದು ಅಜ್ಜಿಯೂ ಡ್ರೈವರೂ ಹೋದರು. ಮಾವ ಹೋಗಲಿಲ್ಲ. ಐದು ಗಂಟೆಗೆ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು.

"ಅಳಿಯಂದ್ರೇ, ಕೌಂಟರಣ್ಣನ್ನ ಇವತ್ತು ಸ್ವಲ್ಪ ಬೇಗ ಬಿಡ್ತೀರಾ?"

"ಯಾಕೆ ಮಾವ?"

ಮಾವ ಜೇಬಿನಿಂದ ಎರಡು ಟಿಕೆಟ್ ತೆಗೆದರು. ಬಟಾಣಿ ಗಾಯಕನ ಕಾರ್ಯಕ್ರಮದ್ದು. ಮೊದಲನೇ ಸಾಲು.

"ಮೆಷಿನ್ ಹಾಕಿಸ್ಕೊಂಡಿದ್ದೇ ಇದಕ್ಕೆ. ಇನ್ನೊಂದು ನಿಮಗೇ ಅಂತ ತಂದಿದ್ದೆ. ಕೇಳೋಣ, ಕೇಳೋಣ ಅಂತ ಬೆಳಿಗ್ಗೆಯಿಂದ ಕೂತಿದ್ದೆ. ನೀವು ಸೀಸ ಅಂದ್ರಲ್ಲ, ಬಾಯೇ ಬರಲಿಲ್ಲ. ಹೋಗ್ಲಿ, ಪಾಪ, ಕೌಂಟರಣ್ಣ ಎಷ್ಟು ಮನಸ್ಸಿಟ್ಟು ಹಾಡ್ತಾರೆ!"

"ಮಾವ, ನಿಜ ಹೇಳ್ಬೇಕಂದ್ರೆ, ಆ ಹಾಡು ನಂಗೂ..."

"ಬೇಡಿ ಅಳಿಯಂದ್ರೇ. ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳ್ಬೇಡಿ. ಅದು ನಿಮ್ಮ ಬಾಯಿಗೆ ಒಪ್ಪಲ್ಲ." ಮಾವ ಪ್ರೀತಿಯಿಂದ ಅಳಿಯನ ಭುಜ ತಟ್ಟಿದರು. "ನಿಮ್ಮತ್ತೆ ಫೋನ್ ಮಾಡಿದ್ರೆ ಮಾತ್ರ, ಪರೀಕ್ಷೆ ನಡೀತಿದೆ ಅಂದ್ಬಿಡಿ. ನಾವು ಬರೋವರೆಗೂ ಅಂಗಡಿ ಮುಚ್ಬೇಡಿ."

ಹೊರಡುವ ಮುಂಚೆ ಕೌಂಟರಣ್ಣ ಡ್ರಾಯರು ತೆಗೆದು ಎರಡು ಉಂಡೆ ಹತ್ತಿ ಜೇಬಿಗಿಳಿಸಿದರು. ಸಾಹೇಬರಿಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಉರಿಯಬೇಕೆಂದು ಮಾತ್ರ ತಿಳಿಯಲಿಲ್ಲ.

ಆರೂವರೆಗೆ ಫೋನು ಬಂತು.

"ಇವರು ಅಲ್ಲೇ ಇದಾರಾ?" ಅತ್ತೆ ಕೇಳಿದರು.

"ಇದಾರೆ ಅತ್ತೆ. ಕಿವಿ ಪರೀಕ್ಷೆ ನಡೀತಿದೆ."

"ಇನ್ನೂ ಎಷ್ಟೊತ್ತು?"

ಸಾಹೇಬರಿಗೆ ಕಾರ್ಯಕ್ರಮದ ಪಟ್ಟಿ ಬಾಯಿಪಾಠವಾಗಿತ್ತು. ಬಟಾಣಿ ಬರುವುದು ಎಲ್ಲಕ್ಕಿಂತ ಕೊನೆಗೆ.

"ಎರಡು ಗಂಟೆ ಆಗುತ್ತೆ ಅತ್ತೆ," ಎಂದರು. "ಕೊನೇದನ್ನ ಎರಡೆರಡು ಸಲ ಮಾಡಿಸ್ತಾರೆ."