ನೂರು ವರ್ಷದ ಹಲಗೆ

ನನ್ನ ಹೆಂಡತಿಗೆ ಇದ್ದಕ್ಕಿದ್ದಂತೆ ಹಳೆಯದರ ಮೇಲೆ ಪ್ರೀತಿ ಹುಟ್ಟಿತು. (ನನ್ನ ಮೇಲಲ್ಲ.) ಯಾವುದೋ ಪತ್ರಿಕೆಯಲ್ಲಿ, ಕೆಡವಿದ ಮನೆಗಳ ಮರವನ್ನು ತಂದು ಹಾಲ್‌ನ ಗೋಡೆಗೆ ಹೊದಿಸಿದ ಚಿತ್ರ ನೋಡಿದ್ದಳು. ಬಿರುಕು, ಮೊಳೆಯ ತೂತು, ಹುಳ ತಿಂದ ಗುರುತು, ಎಲ್ಲ ಹಾಗೇ ಇರಬೇಕಂತೆ. ಅದೇ ಅಂದವಂತೆ.

"ನಮ್ಮನೆಗೂ ಅಂಥದ್ದೇ ಬೇಕು" ಎಂದಳು.

ಮೂರು ವಾರ ಅಲೆದೆ. ಹಳೇ ಮರ ಸಿಗಲಿಲ್ಲ. ಕೊನೆಗೆ ಹೊಸ ಹಲಗೆಗಳನ್ನೇ ತಂದು, ಅವಳು ತಂಗಿಯ ಮನೆಗೆ ಹೋಗಿದ್ದ ನಾಲ್ಕು ದಿನ, ಅವಕ್ಕೆ ವೃದ್ಧಾಪ್ಯ ದಯಪಾಲಿಸುವ ಮಹತ್ಕಾರ್ಯ ಕೈಗೊಂಡೆ. ಸೈಕಲ್ ಚೈನಿನಿಂದ ಬಾರಿಸಿದೆ, ಫೋರ್ಕಿನಿಂದ ಚುಚ್ಚಿದೆ, ಕಡು ಟೀ ಬಳಿದು ಗೋಡೆಗೆ ಜಡಿದೆ. ಅವಳು ಬಂದಾಗ "ನೂರು ವರ್ಷದ ಮನೇದು ಕಣೇ" ಎಂದುಬಿಟ್ಟೆ. ಅವಳು ಹಿಗ್ಗಿ ಮೊದಲು ಫೋನ್ ಮಾಡಿದ್ದು ತನ್ನ ಅಪ್ಪನಿಗೆ.

ಮಾವನವರು ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಮದುವೆಯಾದಂದಿನಿಂದ ಅವರ ಕಣ್ಣಿಗೆ ನಾನು ಒಂದು ಮೊಳೆ ನೆಟ್ಟಗೆ ಹೊಡೆಯಲಾರದ ಅಳಿಯ. ಈಗ ಸುಳ್ಳುಗಾರ ಅಳಿಯನೂ ಆದರೆ ಅವರಿಗೆ ಮುಖ ತೋರಿಸುವುದು ಹೇಗೆ? ಭಾನುವಾರವೇ ನೋಡಲು ಬರುತ್ತೇನೆ ಎಂದರಂತೆ.

ಬಂದವರೇ ನೇರ ಗೋಡೆಯ ಬಳಿ ನಡೆದರು. ಸವರಿದರು, ಮೂಸಿದರು, ಕನ್ನಡಕ ಏರಿಸಿ ಬಗ್ಗಿದರು. ನಾನು ಟೀ ಲೋಟ ಹಿಡಿದು ಪಕ್ಕದಲ್ಲಿ ಬೆವರುತ್ತಿದ್ದೆ.

"ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಯಾರೋ ನಿಮಗೆ ಟೋಪಿ ಹಾಕಿದ್ದಾರೆ. ಇದು ಹೊಸ ಮರ."

"ಹೌದಾ ಮಾವ?"

"ಹುಳ ಎಲ್ಲಾದ್ರೂ ನಾಲ್ಕು ನಾಲ್ಕಾಗಿ ಸಾಲು ನಿಂತು ಕೊರೆಯುತ್ತಾ?"

ನನ್ನ ಎದೆ ಹಗುರಾಯಿತು. ಮೋಸಗಾರನ ಪಟ್ಟ ತಪ್ಪಿ, ಮೋಸ ಹೋದವನ ಪಟ್ಟ ಸಿಕ್ಕಿತ್ತು. "ಹೋಗ್ಲಿ ಬಿಡಿ ಮಾವ, ನನ್ನ ಹಣೆಬರಹ" ಎಂದು ದೊಡ್ಡ ಮನಸ್ಸು ತೋರಿಸಿದೆ.

"ಬಿಡೋದೇನು ಬಂತು? ನಡೀರಿ, ಇದನ್ನ ಮಾರಿದ ಅಂಗಡಿಗೆ. ಮಾಡಿದವನನ್ನ ನಾನು ಗುರುತು ಹಿಡೀತೀನಿ. ಏಟೆಲ್ಲ ಒಂದೇ ಕಡೆ ವಾಲಿವೆ ನೋಡಿ. ಹೊಡೆದವನು ಎಡಚ."

ನಾನು ಎಡಗೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಬಲಗೈಗೆ ದಾಟಿಸಿದೆ. ಆ ಕೈಗೆ ಅಭ್ಯಾಸವೆಲ್ಲಿ? ಲೋಟ ಜಾರಿ, ಬಿಸಿ ಟೀ ಪೂರ್ತಿ ಮಾವನವರ ಕಾಲ ಮೇಲೆ ಬಿತ್ತು.

ಹೆಂಡತಿ ಒರೆಸುವ ಬಟ್ಟೆ ಹಿಡಿದು ಓಡಿಬಂದಳು. ಒಂದು ಸಲ ಗೋಡೆ ನೋಡಿದಳು, ಒಂದು ಸಲ ನನ್ನ ಕೈ ನೋಡಿದಳು.

"ಅಪ್ಪಾ, ಅಂಗಡಿಗೆ ಹೋಗೋದು ಬೇಡ" ಎಂದಳು.