ಒಳ್ಳೆಯ ಮುಹೂರ್ತದ ಅಪ್‌ಗ್ರೇಡ್

ನೆಟ್ಟಗಿರುವ ವಸ್ತುವನ್ನು ನೆಟ್ಟಗಿರಲು ಬಿಡುವ ದೊಡ್ಡ ಗುಣ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ನಮ್ಮ ಮನೆಯ ಗೋಡೆ ಗಡಿಯಾರ ಹದಿನಾಲ್ಕು ವರ್ಷ ಸುಖವಾಗಿ ಓಡಿತ್ತು. ಎರಡು ನಿಮಿಷ ಮುಂದಿದೆ ಎಂದು ನಾನು ಬಿಚ್ಚಿದೆ. ಈಗ ಅದು ಗೋಡೆಯ ಮೇಲೆ ಸುಣ್ಣ ಉದುರಿದ ಜಾಗವನ್ನು ಮುಚ್ಚುವ ಕೆಲಸ ಮಾಡಿಕೊಂಡಿದೆ. ಮಿಕ್ಸರಿನ ಸದ್ದು ಜಾಸ್ತಿಯಾಯಿತು ಎಂದು ಬಿಚ್ಚಿದೆ. ಈಗ ಸದ್ದೇ ಇಲ್ಲ. ಪ್ರತಿಯೊಂದನ್ನು ಮತ್ತೆ ಕೂಡಿಸಿದಾಗಲೂ ಎರಡೋ ಮೂರೋ ಸ್ಕ್ರೂ ಉಳಿಯುತ್ತವೆ. ಅವನ್ನು ಒಂದು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಡಬ್ಬಿ ತುಂಬುತ್ತ ಬಂದಿದೆ.

ಹೊರಗೆ ಮಾತ್ರ ನನ್ನ ಹೆಸರು ಬೇರೆ. ಲಿಂಗಸುಗೂರಿನ ಕಾಲೇಜೊಂದರ ಆಫೀಸಿನಲ್ಲಿ ನಾನು ಗುಮಾಸ್ತ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ನಾನು ಹರಿಯದಂತೆ ಹೊರಗೆಳೆದೆ. ಅವತ್ತಿನಿಂದ ಎಲ್ಲರೂ ನನ್ನನ್ನು 'ಕಂಪ್ಯೂಟರ್ ಸರ್' ಎನ್ನತೊಡಗಿದರು. ಆ ಬಿರುದಿಗೆ ಅಷ್ಟು ಸಾಕೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಬಿರುದು ಒಂದು ಸಲ ಬಂತೆಂದರೆ ಅದಕ್ಕೆ ತಕ್ಕ ಮುಖ ತಾನಾಗಿಯೇ ಬರುತ್ತದೆ. ಯಾರಾದರೂ ಕಂಪ್ಯೂಟರಿನ ತೊಂದರೆ ಹೇಳಿದರೆ ಕಣ್ಣು ಅರ್ಧ ಮುಚ್ಚಿ "ಹೂಂ, ಅದು ಹಂಗ ಆಗ್ತೈತಿ" ಎನ್ನುವುದನ್ನು ಬೇಗ ಕಲಿತುಬಿಟ್ಟೆ.

ನನ್ನ ಹೆಂಡತಿ ಮಹಾದೇವಿಗೆ ಬಿರುದು ಗಿರುದು ಇಲ್ಲ. ಆಕೆ ದಿನಾ ಬಸ್ಸು ಹತ್ತಿ ಮಸ್ಕಿಗೆ ಹೋಗಿ, ಅಲ್ಲಿಯ ಶಾಲೆಯ ಮಕ್ಕಳಿಗೆ ಗಣಿತ ಹೇಳಿ ಬರುತ್ತಾಳೆ. ಆ ಮಕ್ಕಳಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿರಲಿಲ್ಲ. ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ ಎಂದರೆ, ಮೂರಕ್ಕಿಂತ ನಾಲ್ಕು ದೊಡ್ಡದು ಎಂದು ಒಂದೇ ದನಿಯಲ್ಲಿ ಕೂಗುತ್ತಿದ್ದವು. ಒಂದು ದಿನ ಆಕೆ ಬುತ್ತಿಯ ರೊಟ್ಟಿಯನ್ನೇ ಒಯ್ದು, ಒಂದನ್ನು ಮೂವರಿಗೆ, ಇನ್ನೊಂದನ್ನು ನಾಲ್ವರಿಗೆ ಹಂಚಿದಳು. ಹಸಿದ ಹೊಟ್ಟೆಗೆ ಗಣಿತ ತಟ್ಟನೆ ತಿಳಿಯಿತು. ಅಲ್ಲಿಂದ ಎಂಟು ತಿಂಗಳು ರೊಟ್ಟಿಯಲ್ಲೇ ಪಾಠ ನಡೆಯಿತು. ತುಂಡು ಹಿಡಿದ ಮಕ್ಕಳ ಫೋಟೋ, ಅವರ ಲೆಕ್ಕದ ಹಾಳೆಗಳ ಫೋಟೋ, ಮನೆಯಲ್ಲಿ ಕತ್ತರಿಸಿಟ್ಟ ಅರ್ಧ, ಕಾಲು, ಅರೆಕಾಲು ರೊಟ್ಟಿಗಳ ಫೋಟೋ, ಎಲ್ಲವನ್ನೂ ಫೋನಿನಿಂದ ತೆಗೆದು ನಮ್ಮ ಕಂಪ್ಯೂಟರಿಗೆ ಏರಿಸಿ, ಕೂತು ಸ್ಲೈಡು ಮಾಡಿದಳು. ಫೋಟೋ ತೆಗೆದಾದ ಮೇಲೆ ಆ ಅರ್ಧ, ಕಾಲು, ಅರೆಕಾಲುಗಳನ್ನು ತಿಂದವನು ನಾನು. ಇವು ಯಾತಕ್ಕೆ ಎಂದು ಎಂಟು ತಿಂಗಳಲ್ಲಿ ಒಂದು ಸಲವೂ ಕೇಳಲಿಲ್ಲ. ಚಟ್ನಿ ಮಾತ್ರ ಕೇಳಿದೆ.

ಸುದ್ದಿ ಹೇಗೋ ಮೇಲಿನವರಿಗೆ ಮುಟ್ಟಿ, ದಸರಾ ರಜೆ ಮುಗಿದ ಮೊದಲ ಸೋಮವಾರ ಸಿಂಧನೂರಿನಲ್ಲಿ ಗಣಿತ ಶಿಕ್ಷಕರ ಮುಂದೆ ಇದನ್ನು ತೋರಿಸಬೇಕೆಂದು ಆಕೆಗೆ ಪತ್ರ ಬಂತು. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಎಷ್ಟೋ ತರಬೇತಿಗಳ ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸಿ ಬಂದವಳು, ಮೊದಲ ಸಲ ಮುಂದೆ ನಿಲ್ಲುವವಳಿದ್ದಳು. "ಇದನ್ನೊಂದು ಪೆನ್‌ಡ್ರೈವಿಗೆ ಹಾಕಿ ಕೊಡ್ರಿ" ಎಂದು ಎರಡು ಸಲ ಹೇಳಿದಳು. "ನಾ ಅದೀನಲ್ಲ" ಎಂದು ನಾನು ಎರಡು ಸಲವೂ ಹೇಳಿದೆ.

ಇತ್ತ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಒಂದು ತಿಂಗಳಿಂದ ಒಂದು ಪ್ರಕಟಣೆ ಇಣುಕುತ್ತಿತ್ತು. ಹೊಸ ಆಪರೇಟಿಂಗ್ ಸಿಸ್ಟಮ್ ಸಿದ್ಧವಿದೆಯಂತೆ, ಪುಕ್ಕಟೆಯಂತೆ, ಹಾಕಿಕೊಂಡರೆ ನನ್ನ ಅನುಭವ ಇನ್ನಷ್ಟು ಸೊಗಸಾಗುತ್ತದಂತೆ. ಎಂಥ ಅನುಭವ ಎಂದು ಅದರಲ್ಲಿ ಬರೆದಿರಲಿಲ್ಲ. ಕಂಪ್ಯೂಟರ್ ಏಳು ವರ್ಷ ಹಳೆಯದು. ಮುದುಕನಿಗೆ ಕುದುರೆ ಸವಾರಿ ಕಲಿಸಿದ ಹಾಗಾದೀತೆಂಬ ಅಂಜಿಕೆ ನನಗೂ ಇತ್ತು. ಆದರೆ ಒಳ್ಳೆಯ ದಿನ ನೋಡಿ ಮಾಡಿದರೆ ಏನೂ ಆಗದು ಎಂದುಕೊಂಡು ಆಯುಧ ಪೂಜೆಯ ದಿನವನ್ನೇ ಆರಿಸಿಕೊಂಡೆ. ರಾಹುಕಾಲ ಕಳೆಯಲು ಕಾದೆ. ಪೂಜೆ ಮಾಡಿ, ಕಾಯಿ ಒಡೆದು, ಊದುಬತ್ತಿ ಬೆಳಗಿ, 'ಒಪ್ಪಿಗೆ' ಎಂಬಲ್ಲಿ ಒತ್ತಿದೆ. ಮಹಾದೇವಿ ಆಗ ಅಡುಗೆಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಳು, ಒಳಕಲ್ಲಿನಲ್ಲಿ. ಮಿಕ್ಸರಿನ ವಿಷಯ ಆಗಲೇ ಹೇಳಿದ್ದೇನೆ.

ಮರುದಿನದಿಂದ ಸೊಗಸು ಶುರುವಾಯಿತು. ಕಂಪ್ಯೂಟರ್ ಹತ್ತು ನಿಮಿಷ ನಡೆಯುವುದು, ಪರದೆ ನೀಲಿಯಾಗುವುದು, ಮೆಮೊರಿಯಲ್ಲಿ ದೋಷವಿದೆ ಎಂದು ಬರೆಯುವುದು, ಆರುವುದು. ಮತ್ತೆ ಹತ್ತಿಸಿದರೆ ಮತ್ತೆ ಹತ್ತು ನಿಮಿಷ. ಮಹಾದೇವಿಯ ಸ್ಲೈಡುಗಳಂತೂ ತೆರೆಯಲೇ ಇಲ್ಲ. "ಮೊನ್ನೆತನಕ ಚೊಲೋ ಇತ್ತಲ್ಲ, ಏನ್ ಮಾಡೀರಿ?" ಎಂದು ಕೇಳಿದಳು. "ನಾ ಏನ್ ಮಾಡಲಿ? ಆ ಕಂಪನಿಯವರು ಮಾಡ್ಯಾರ" ಎಂದೆ. ಆ ಕಂಪನಿಯವರನ್ನು ನಾನು ಬೈದ ಬೈಗುಳ ಬರೆದರೆ ಈ ಪುಟದ ಮರ್ಯಾದೆ ಉಳಿಯುವುದಿಲ್ಲ. ದೂರ ಇದ್ದವರನ್ನು ಬೈಯುವುದರಲ್ಲಿ ಒಂದು ಸಮಾಧಾನವಿದೆ, ಅವರು ತಿರುಗಿ ಬೈಯುವುದಿಲ್ಲ.

ಅವತ್ತು ಬನ್ನಿ ಕೊಡುವ ದಿನ. ನಮ್ಮ ಕಡೆ ಅವತ್ತು ಊರೆಲ್ಲ ಮನೆಮನೆಗೆ ಬಂದು, ಅಂಗೈಯಲ್ಲಿ ನಾಲ್ಕು ಬನ್ನಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎಂದು ಹೋಗುತ್ತಾರೆ. ಈ ಸಲ ನಮ್ಮ ಮನೆಗೆ ಬಂದವರೆಲ್ಲ ಬನ್ನಿಯ ಜೊತೆ ಒಂದೊಂದು ಸಲಹೆಯನ್ನೂ ಕೊಟ್ಟರು. ಸಿಂಧನೂರಿನಲ್ಲಿ ಗೊಬ್ಬರ, ಔಷಧದ ಅಂಗಡಿ ಇಟ್ಟಿರುವ ನನ್ನ ಹೆಂಡತಿಯ ತಮ್ಮ ಬಸವರಾಜ ಬರಲಾಗದೆ ಫೋನು ಮಾಡಿದ. ಪರದೆಯ ಫೋಟೋ ಕಳಿಸಲು ಹೇಳಿದ. ನೆಲ್ಲಿನ ರೈತರು ರೋಗ ಬಂದ ಎಲೆಯ ಫೋಟೋ ಕಳಿಸುವ ಹಾಗೆ ನಾನೂ ಕಳಿಸಿದೆ. ಐದು ನಿಮಿಷ ನೋಡಿ, "ಇದು ಈ ವರ್ಷ ಎಲ್ಲಾ ಕಡೆ ಬಂದೈತ್ರಿ ಮಾಮಾರ" ಎಂದ. ಏನು ಬಂದಿದೆ ಎಂದು ಅವನಿಗೂ ಗೊತ್ತಿರಲಿಲ್ಲ.

ಪಕ್ಕದ ಮನೆಯ ಹನುಮಂತಪ್ಪ ನಿವೃತ್ತ ಬಸ್ ಕಂಡಕ್ಟರ್. ಆತ ಕಂಪ್ಯೂಟರನ್ನು ಮುಟ್ಟಿದವನೂ ಅಲ್ಲ. ನೀಲಿ ಪರದೆಯನ್ನು ನಿಂತು ನೋಡಿ, "ಸರ, ಲೋಡ್ ಜಾಸ್ತಿ ಆಗೈತಿ. ಸೀಟು ಐವತ್ತು, ಮಂದಿ ತೊಂಬತ್ತು. ಅರ್ಧ ಮಂದೀನ ಇಳಿಸ್ರಿ, ಗಾಡಿ ತಾನ ಓಡ್ತೈತಿ" ಎಂದ. ಆತ ಹೋದ ಮೇಲೆ ನಾನು ಮನಸಾರೆ ನಕ್ಕೆ. ನಕ್ಕು ಮುಗಿದ ಮೇಲೆ ಕೂತು ಅವನು ಹೇಳಿದ್ದನ್ನೇ ಮಾಡಿದೆ. ಮೆಮೊರಿಯಲ್ಲಿ ದೋಷವೆಂದರೆ ಅದು ತುಂಬಿದೆ, ಖಾಲಿ ಮಾಡಬೇಕು, ಇದರಲ್ಲಿ ತಿಳಿಯದಿರುವುದು ಏನಿದೆ? ಹತ್ತು ನಿಮಿಷ ಸಿಕ್ಕಾಗಲೆಲ್ಲ ಒಬ್ಬೊಬ್ಬರನ್ನೇ ಇಳಿಸುತ್ತ ಹೋದೆ. ಹಳೆಯ ಸಿನಿಮಾ ಇಳಿಸಿದೆ, ಯಾರದೋ ಮದುವೆಯ ವಿಡಿಯೋ ಇಳಿಸಿದೆ. 'ಹೊಸದು-೨' ಎಂಬ ದೊಡ್ಡ ಫೋಲ್ಡರ್ ಒಂದಿತ್ತು. ಇಣುಕಿ ನೋಡಿದೆ, ಬರೀ ರೊಟ್ಟಿಯ ಫೋಟೋ. ದಿನಾ ತಟ್ಟೆಯಲ್ಲಿ ಬರುವ ರೊಟ್ಟಿಯನ್ನು ಇಲ್ಲಿ ಯಾಕೆ ಕೂಡಿಡಬೇಕು ಎಂದು ಅದನ್ನೂ ಇಳಿಸಿದೆ. ಪೂರ್ತಿ ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಅಷ್ಟು ಕೆಟ್ಟುಹೋದ ಸ್ಥಿತಿಯಲ್ಲೂ ಅದು ಕೇಳಿತು, ಅದು ಅದರ ದೊಡ್ಡತನ. ಹೌದು ಎಂದೆ.

ಊರಿನಲ್ಲಿ ನಿಜವಾಗಿ ಕೆಲಸ ಬಲ್ಲವನು ಮೆಹಬೂಬ್. ಬಸ್ ಸ್ಟ್ಯಾಂಡಿನ ಬಳಿ ಅವನ ರಿಪೇರಿ ಅಂಗಡಿ. ನಂಟರ ಮದುವೆಗೆ ಹೋಗಿದ್ದವನು ಭಾನುವಾರ ಮಧ್ಯಾಹ್ನ ಬಾಗಿಲು ತೆರೆದ. ಕಂಪ್ಯೂಟರಿನ ಡಬ್ಬಿಯನ್ನು ಆಟೋದಲ್ಲಿಟ್ಟುಕೊಂಡು ಗಂಡಹೆಂಡತಿ ಹೋದೆವು. ದಾರಿಯುದ್ದಕ್ಕೂ ನಾನು ಹೊಸ ಸಿಸ್ಟಮ್ಮಿನ ಅನಾಚಾರಗಳನ್ನು ವಿವರಿಸಿದೆ, ಅಂಗಡಿಯಲ್ಲೂ ವಿವರಿಸಿದೆ. ಮೆಹಬೂಬ್ ಹೂಂ ಹೂಂ ಎನ್ನುತ್ತ ಪಕ್ಕದ ತಗಡು ತೆಗೆದ. ಮೆಮೊರಿಯ ಎರಡು ಪಟ್ಟಿಗಳನ್ನು ಕಿತ್ತು ಬೆಳಕಿಗೆ ಹಿಡಿದ.

"ಸರ, ಇದೇನ್ರಿ ಬೆಳ್ಳಗ?"

"ಧೂಳ ಇರಬೇಕಪ್ಪ" ಎಂದೆ.

"ಧೂಳ ಹಿಂಗ ಮೂರು ಗೆರಿ ಆಗಿ ಕುಂದ್ರಂಗಿಲ್ರಿ ಸರ."

ಇನ್ನು ಮುಚ್ಚಿಟ್ಟು ಫಲವಿಲ್ಲ. ಪೂಜೆಯನ್ನು ಮೇಲೆ ಮೇಲೆ ಮಾಡುವವನು ನಾನಲ್ಲ. ಟ್ರ್ಯಾಕ್ಟರ್ ಪೂಜೆ ಮಾಡುವವರು ಬಾನೆಟ್ ಎತ್ತಿ ಇಂಜಿನ್ನಿಗೂ ವಿಭೂತಿ ಹಚ್ಚುತ್ತಾರೆ; ಹೊರಗಿನ ತಗಡಿಗೆ ಹಚ್ಚಿ ಬಿಟ್ಟರೆ ದುಡಿಯುವ ಭಾಗಕ್ಕೆ ಏನು ಮುಟ್ಟೀತು ಎಂದು, ಆಯುಧ ಪೂಜೆಯ ದಿನ ನಾನು ಕಂಪ್ಯೂಟರಿನ ಡಬ್ಬಿ ತೆರೆದು, ಆ ಎರಡು ಪಟ್ಟಿಗಳನ್ನು ಹೊರಗೆ ತೆಗೆದು, ವಿಭೂತಿ ನೆನೆಸಿ, ಮೂರು ಬೆರಳಲ್ಲಿ ಎರಡೂ ಕಡೆ ಎಳೆದು, ನಡುವೆ ಕುಂಕುಮ ಇಟ್ಟು, ಮತ್ತೆ ಸಿಕ್ಕಿಸಿದ್ದೆ. ಅಪ್‌ಗ್ರೇಡ್ ಆಮೇಲೆ. ಮೆಹಬೂಬ್ ನಗಲಿಲ್ಲ. ಶುಚಿಯಾದ ಬಟ್ಟೆ ತೆಗೆದುಕೊಂಡು ವಿಭೂತಿಯನ್ನು ನೆಲಕ್ಕೆ ಬೀಳದಂತೆ ಒರೆಸಿದ. ಆಮೇಲೆ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಳದಿ ಅಂಚನ್ನು ತಿಕ್ಕಿದ. "ಮ್ಯಾಲ ಹಚ್ಚ್ರಿ, ಹೂವ ಏರಸ್ರಿ, ಬ್ಯಾಡ ಅನ್ನಂಗಿಲ್ಲ. ಒಳಗ ಬ್ಯಾಡ್ರಿ" ಎಂದಷ್ಟೇ ಹೇಳಿ ಪಟ್ಟಿಗಳನ್ನು ಸಿಕ್ಕಿಸಿದ. ಕಂಪ್ಯೂಟರ್ ಎದ್ದು ಕೂತಿತು. ಅರ್ಧ ಗಂಟೆಯಾದರೂ ನೀಲಿಯಾಗಲಿಲ್ಲ. ಪಾಪ, ಆ ಕಂಪನಿಯವರು.

"ನನ್ನ ಫೋಲ್ಡರ್ ಎಲ್ಲಿ?" ಎಂದಳು ಮಹಾದೇವಿ.

"ಯಾವ ಫೋಲ್ಡರ್?"

"ಹೊಸದು-೨."

ಆ ಕ್ಷಣದಲ್ಲಿ ನನಗೆ ಆದ ನಾಚಿಕೆಯನ್ನು ಹಾಸ್ಯ ಮಾಡಿ ಬರೆಯಲು ನೋಡಿದೆ, ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೆಮೊರಿಗೆ ಜಾಗ ಮಾಡಲು ಅಳಿಸಿದೆ ಎಂದೆ. ಮೆಹಬೂಬ್ ತಲೆ ಕೆರೆದುಕೊಂಡ. "ಸರ, ಅದು ಬ್ಯಾರೆ, ಇದು ಬ್ಯಾರೆ. ಮೂಲ್ಯಾಗಿನ ಚೀಲದಾಗಿಂದ ಜ್ವಾಳ ಚೆಲ್ಲಿದ್ರ, ಹಿಟ್ಟು ನಾದೋ ಪರಾತ ದೊಡ್ಡದಾಗ್ತೈತೇನ್ರಿ?" ಕಂಪ್ಯೂಟರ್ ಸರ್‌ಗೆ ಅವತ್ತು ಮೆಮೊರಿ ಎಂದರೇನೆಂದು ಗೊತ್ತಾಯಿತು. ಮೆಹಬೂಬ್ ಎರಡು ತಾಸು ಹೆಣಗಿ ಅಳಿಸಿದ್ದರಲ್ಲಿ ಹನ್ನೊಂದು ಫೋಟೋ ಹೊರತೆಗೆದ. ಹನ್ನೊಂದರಲ್ಲೂ ಮೇಲಿನ ಅರ್ಧಕ್ಕೆ ರೊಟ್ಟಿ, ಕೆಳಗಿನ ಅರ್ಧಕ್ಕೆ ಬರೀ ಬೂದಿ ಬಣ್ಣ. ಮಕ್ಕಳ ಒಂದು ಫೋಟೋವೂ ಬರಲಿಲ್ಲ, ಸ್ಲೈಡುಗಳೂ ಬರಲಿಲ್ಲ.

ಮಹಾದೇವಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆಕೆ ಆಟೋ ಹತ್ತಿದಳು. ಮನೆ ಹತ್ತಿರ ಬಂದಾಗ, "ಗಿರಣಿಗೆ ಹೋಗಿ ಜ್ವಾಳ ಬೀಸಿಸಿಕೊಂಡು ಬರ್ರಿ. ನಲವತ್ತು ರೊಟ್ಟಿ ಆಗಬೇಕು" ಎಂದಳು. ಹೋದೆ. ಯಾಕೆ ಎಂದು ಕೇಳುವ ಧೈರ್ಯ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಸಿಂಧನೂರಿನ ಬಸ್ಸಿನಲ್ಲಿ ನಲವತ್ತು ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮಸ್ಕಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಮೂಸಿ ನೋಡಿ, "ಯಾರ ಮನ್ಯಾಗ ಏನ್ ಕಾರ್ಯೇವಪ್ಪ?" ಎಂದು ಕೇಳಿದಳು. "ನಮ್ಮ ಮನ್ಯಾಗ ಆಗೈತವ್ವ" ಎಂದೆ.

ತರಬೇತಿಯ ಕೋಣೆಯಲ್ಲಿ ಪ್ರೊಜೆಕ್ಟರ್ ಸಿದ್ಧವಾಗಿತ್ತು, ಪರದೆ ಬೆಳ್ಳಗೆ ಖಾಲಿ. ಮಹಾದೇವಿ ಅದರತ್ತ ನೋಡಲೇ ಇಲ್ಲ. ಒಂದು ಬೆಂಚಿಗೆ ಒಂದು ರೊಟ್ಟಿ ಕೊಟ್ಟು, "ಮೂರು ಮಂದಿ ಇದ್ದಲ್ಲಿ ಮೂರು, ನಾಲ್ಕು ಮಂದಿ ಇದ್ದಲ್ಲಿ ನಾಲ್ಕು, ಸಮ ಹಂಚ್ಕೊಳ್ರಿ" ಎಂದಳು. ಐದು ನಿಮಿಷದಲ್ಲಿ ಆ ಗಂಭೀರ ಶಿಕ್ಷಕರೆಲ್ಲ ಆಕೆಯ ಮಸ್ಕಿಯ ಮಕ್ಕಳಾದರು. "ಮೇಡಂ, ಇವ್ರು ದೊಡ್ಡ ತುಂಡು ತಗೊಂಡಾರ" ಎಂದು ಮುಕ್ಕುಂದದ ಮೇಷ್ಟ್ರು ದೂರು ಕೊಟ್ಟರು. "ನಮ್ ಕಡೆ ಅನ್ನ ಉಣ್ಣೋ ಮಂದಿ ರೀ, ಅನ್ನ ಹೆಂಗ ಮೂರು ಪಾಲು ಮಾಡೋದು?" ಎಂದು ವಳಕಮದಿನ್ನಿಯ ಮೇಷ್ಟ್ರು ತಕರಾರು ತೆಗೆದರು. "ಹಂಗಾದ್ರ ಅಗಳ ಎಣಿಸ್ರಿ ಸರ, ಶೇಕಡಾ ಲೆಕ್ಕ ಬರ್ತೈತಿ" ಎಂದಳು. ಒಂದು ತಾಸಿನ ಪಾಠ ಎರಡು ತಾಸು ನಡೆಯಿತು. ಕೊನೆಗೆ ಒಬ್ಬರು ಎದ್ದು, ಸ್ಲೈಡು ಬಿಟ್ಟು ರೊಟ್ಟಿ ತರುವ ವಿಚಾರ ಹೇಗೆ ಹೊಳೆಯಿತು ಎಂದು ಕೇಳಿದರು.

"ಹೊಳೀಲಿಲ್ರಿ. ಎಂಟು ತಿಂಗಳ ಕೆಲಸಾನ ನಮ್ಮ ಮನಿಯವರು ಅಳಿಸಿದ್ರು. ಅಲ್ಲೆ ಹಿಂದ ಕುಂತಾರ ನೋಡ್ರಿ."

ಎಲ್ಲರೂ ತಿರುಗಿದರು. ನಾನು ಎದ್ದು ಕೈ ಮುಗಿದೆ. ಚಪ್ಪಾಳೆ ಬಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಆ ಚಪ್ಪಾಳೆಯ ಗಾಳಿಯಲ್ಲೇ, "ನೋಡು, ಕಂಪ್ಯೂಟರ್ ಕೆಟ್ಟಿದ್ದಕ್ಕ ಪಾಠ ಇಷ್ಟು ಚೊಲೋ ಆತು" ಎಂದುಬಿಟ್ಟೆ. ಮಹಾದೇವಿ ಕಿಟಕಿಯ ಹೊರಗೆ ನೋಡುತ್ತ, "ಪಾಠ ನಾ ಮತ್ತ ಮಾಡ್ತೀನ್ರಿ. ನಮ್ಮ ಸಾಲಿ ಹುಡುಗಿ ಹುಸೇನಬಿ ಮೊದಲನೇ ಸಲ ಕಾಲು ಭಾಗ ಹಿಡಕೊಂಡು ನಕ್ಕಿದ್ಲು. ಆ ಫೋಟೋ ಮತ್ತ ಎಲ್ಲಿಂದ ತರ್ಲಿ?" ಎಂದಳು. ಮಸ್ಕಿ ದಾಟಿ ಲಿಂಗಸುಗೂರು ಬರುವವರೆಗೂ ರೊಟ್ಟಿ ಕಟ್ಟಿದ್ದ ಬಟ್ಟೆಯನ್ನು ಮಡಚುತ್ತ, ಬಿಚ್ಚುತ್ತ ಕೂತೆ.

ವಾರದ ಮೇಲೆ ಕಂಪ್ಯೂಟರ್ ಹತ್ತಿಸಿದರೆ ಪರದೆಯ ಮೇಲೆ ಎರಡು ಹೆಸರು ಕಂಡವು. ಆಕೆಯದು ಮೇಲೆ, ಬೀಗ ಹಾಕಿ. ನನ್ನದು ಕೆಳಗೆ. ಮೆಹಬೂಬನನ್ನು ಕೇಳಿ ಆಕೆಯೇ ಮಾಡಿಕೊಂಡಿದ್ದಳು. ನನ್ನ ಹೆಸರನ್ನು ಒತ್ತಿ ಒಳಗೆ ಹೋದೆ. ನಿನ್ನೆ ಅಲ್ಲಿಯೇ ಕೂತು ಓದುತ್ತಿದ್ದಾಗ ಮೂಲೆಯಲ್ಲಿ ಇನ್ನೊಂದು ಪ್ರಕಟಣೆ ಇಣುಕಿತು, ಇನ್ನೂ ಹೊಸದು, ಇನ್ನೂ ಸೊಗಸು. ಕೈ ತಡೆಯಲಿಲ್ಲ, ಒತ್ತಿದೆ. ಈ ಕೆಲಸ ಮಾಡುವ ಅಧಿಕಾರ ನಿಮಗಿಲ್ಲ, ಈ ಕಂಪ್ಯೂಟರಿನ ಆಡಳಿತಾಧಿಕಾರಿಯನ್ನು ಕೇಳಿ ಎಂದು ಬಂತು. ಆಡಳಿತಾಧಿಕಾರಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

"ಏನಂತ್ರಿ ಅದು?" ಎಂದಳು ಅಲ್ಲಿಂದಲೇ.

"ಏನಿಲ್ಲ, ಹಂಗ ಕೇಳ್ತೈತಿ" ಎಂದು ಹೇಳಿ, ಇದ್ದ ಒಂದೇ ಅಧಿಕಾರವನ್ನು ಚಲಾಯಿಸಿ, 'ರದ್ದು' ಎಂಬಲ್ಲಿ ಒತ್ತಿದೆ.