ಮಹಡಿ ಹತ್ತದ ಕನ್ನಡ

ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಸ್ಥಿತಿಯಲ್ಲಿ ಟೀವಿ ಧಾರಾವಾಹಿ ನೋಡುವವರ ಪೈಕಿ ನಾನೂ ಒಬ್ಬಳು. ಹೈದರಾಬಾದಿನ ಅಬಿಡ್ಸ್‌ನ ಆಫೀಸಿನಿಂದ ಬಂದು ದಿವಾನದ ಮೇಲೆ ಕಾಲು ಚಾಚಿದರೆ ಸಾಕು, ಸುಲ್ತಾನ್ ಬಜಾರಿನ ಗಲಾಟೆ ಕಿಟಕಿಯಲ್ಲಿ ಸಣ್ಣಗಾಗುತ್ತ ಹೋಗಿ, ಟೀವಿಯೊಳಗಿನ ಬಂಗಲೆಯ ಜನ ಒಬ್ಬೊಬ್ಬರಾಗಿ ನಮ್ಮ ಪಡಸಾಲೆಗೆ ಇಳಿದು ಬರುತ್ತಾರೆ. ಆ ಬಂಗಲೆಯಲ್ಲಿ ಯಾರೂ ಕುಕ್ಕರ್ ಇಡುವುದಿಲ್ಲ, ಯಾರಿಗೂ ಬೆಳಿಗ್ಗೆ ಬಸ್ಸು ತಪ್ಪುವುದಿಲ್ಲ. ಅಂಥ ಕಡೆ ಸ್ವಲ್ಪ ಹೊತ್ತು ಇದ್ದು ಬರುವುದೆಂದರೆ ನನಗೆ ತವರಿಗೆ ಹೋಗಿ ಬಂದಷ್ಟು ಸುಖ. ಕಣ್ಣು ಬಿಟ್ಟಾಗ ಕಥೆ ಎಲ್ಲಿಗೆ ಬಂತೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ಧಾರಾವಾಹಿಗಿಂತ ಅವರು ಹೇಳುವುದೇ ಚೆನ್ನಾಗಿರುತ್ತದೆ.

ಅತ್ತೆ ಬಿಜಾಪುರದ ಕಡೆಯವರು. ಮದುವೆಯಾಗಿ ಹೈದರಾಬಾದಿಗೆ ಬಂದ ದಿನದಿಂದ ಹೊಸ್ತಿಲ ಹೊರಗೆ ತೆಲುಗು, ಒಳಗೆ ಕನ್ನಡ ಎಂದು ಕಾನೂನು ಮಾಡಿಕೊಂಡವರು. ಟೀವಿಯ ಬಂಗಲೆಗೂ ಅದರದೇ ಕಾನೂನಿದೆ. ಅಲ್ಲಿ ಮಹಡಿಯಿಂದ ಇಳಿದು ಬರುವವರೆಲ್ಲ ಇಸ್ತ್ರಿ ಹಾಕಿದ ಕನ್ನಡ ಆಡುತ್ತಾರೆ. ನಮ್ಮ ಕಡೆಯ ಮಾತು ಅಡುಗೆಯವಳಿಗೆ ಮಾತ್ರ. ಯಜಮಾನಿಯ ಮುಖದ ಮೇಲೆ ಬೆಳದಿಂಗಳಂಥ ಬೆಳಕು ಬಿದ್ದರೆ ಇವಳಿಗೆ ಟ್ಯೂಬ್‌ಲೈಟೇ ಗತಿ. ಕ್ಯಾಮೆರಾ ಯಜಮಾನಿಯನ್ನು ಕೆಳಗಿನಿಂದ ತಲೆಯೆತ್ತಿ ನೋಡುತ್ತದೆ, ಇವಳನ್ನು ಮೇಲಿನಿಂದ ಬಗ್ಗಿ ನೋಡುತ್ತದೆ. ಇವಳು ಬಾಯಿ ತೆರೆಯುವ ಮೊದಲೇ ಹಿಂದೆ ಪೀಪಿ ಊದಿ, ಈಗ ನಗಬೇಕು ಎಂದು ನಮಗೆಲ್ಲ ತಿಳಿಸುತ್ತಾರೆ. ಅತ್ತೆ ತಪ್ಪದೆ ನಗುತ್ತಿದ್ದರು. ಅಡುಗೆಯವಳು ತಮ್ಮ ಹಾಗೆಯೇ ಮಾತಾಡುತ್ತಾಳೆಂಬುದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಹೊಳೆಯಿಸಿದವಳು ನಮ್ಮ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಸಿಂಚನಾ. ಮೈಸೂರಿನ ಹುಡುಗಿ, ಮೆಟ್ರೋ ಹತ್ತಿ ಮಾದಾಪುರದ ಆಫೀಸಿಗೆ ಹೋಗಿ ಬರುವವಳು. ಬಂದ ದಿನ ಅತ್ತೆ ಅವಳನ್ನು ಕೂರಿಸಿಕೊಂಡು, ಈ ಊರಿನಲ್ಲಿ ಕನ್ನಡದವರು ಸಿಕ್ಕ ಖುಷಿಯಲ್ಲಿ ಬಾಯಿ ತುಂಬ ಮಾತಾಡಿದರು. ನಾನು ಚಹಾ ಹಿಡಿದುಕೊಂಡು ಪಕ್ಕದಲ್ಲೇ ಇದ್ದೆ. ಹುಡುಗಿ ಕೆನ್ನೆಯ ಮೇಲೆ ಕೈಯಿಟ್ಟು ಕೇಳುತ್ತಿದ್ದವಳು, “ಅಜ್ಜಿ, ನೀವು ಥೇಟ್ ಸೀರಿಯಲ್ ಅಡುಗೆಯವಳ ಥರಾನೇ ಮಾತಾಡ್ತೀರ, ಎಷ್ಟು ಮುದ್ದಾಗಿದೆ” ಎಂದಳು. ಅವಳ ಮನಸ್ಸಿನಲ್ಲಿ ಎಳ್ಳಷ್ಟೂ ಕಲ್ಮಶವಿರಲಿಲ್ಲ. ಅತ್ತೆ ನಕ್ಕರು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋದರು.

ಮರುದಿನದಿಂದ ಅತ್ತೆ ಹೊಸ್ತಿಲ ಒಳಗೂ ತೆಲುಗು ಶುರು ಮಾಡಿದರು. ಕನ್ನಡದ ಹುಡುಗಿ ಬಾಗಿಲಿಗೆ ಬಂದರೆ “ಕೂಸೋ ಬಿಡ್ಡಾ” ಎಂದು ತೆಲುಗಿನಲ್ಲಿ ಕೂರಿಸುವರು. ಅಜ್ಜಿ ತನಗೆ ಊರಿನ ಭಾಷೆ ಕಲಿಸುತ್ತಿದ್ದಾರೆಂದು ಸಿಂಚನಾಗೆ ಪರಮಾನಂದ. ಸಂಜೆ ಸಂಜೆ ಇಳಿದು ಬಂದು ಶ್ರದ್ಧೆಯಿಂದ ಪಾಠ ಒಪ್ಪಿಸಿ ಹೋಗುವಳು. ನನ್ನ ಪಾಡು ಕೇಳುವವರಿಲ್ಲ. ನನಗೂ ತೆಲುಗೇ. ಉಪ್ಪು ಹೆಚ್ಚಾಗಿದೆ ಎಂದು ತೆಲುಗಿನಲ್ಲಿ ಬೈಸಿಕೊಂಡರೆ ಬೈಸಿಕೊಂಡ ಹಾಗೇ ಅನ್ನಿಸುವುದಿಲ್ಲ. ಧಾರಾವಾಹಿ ನೋಡುತ್ತಾ ಕಣ್ಣು ಮುಚ್ಚಿ ತೆರೆದರೆ ಕಥೆ ಹೇಳುವವರಿಲ್ಲ; ಪೀಪಿ ಊದಿದರೆ ನಗುವವರೂ ಇಲ್ಲ. ಆ ಸಂಜೆಗಳಲ್ಲಿ ಫ್ಯಾನಿನ ಸದ್ದು ಕೇಳುತ್ತಾ, ಅತ್ತೆಯ ಕನ್ನಡವಿಲ್ಲದ ಈ ಮನೆ ಯಾರದೆಂದು ಮಲಗಿದಲ್ಲೇ ಯೋಚಿಸುತ್ತಿದ್ದೆ. ನಿಜ ಹೇಳುತ್ತೇನೆ, ಅಳು ಬರುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಸಿಂಚನಾ ಮುಖ ಊದಿಸಿಕೊಂಡು ಬಂದಳು. ಆಫೀಸಿನಲ್ಲಿ ಊಟದ ಹೊತ್ತಿಗೆ ಧೈರ್ಯ ಮಾಡಿ ತೆಲುಗು ಮಾತಾಡಿದಳಂತೆ. ಅತ್ತೆಯ ತೆಲುಗೋ, ಬಜಾರಿನ ತರಕಾರಿ ಗಾಡಿಗಳ ಮುಂದೆ ಕಲಿತ ಅಪ್ಪಟ ತೆಲಂಗಾಣದ್ದು. ಕರಾವಳಿ ಆಂಧ್ರದ ಗೆಳತಿಯೊಬ್ಬಳು ನಕ್ಕು, ನೀನು ನಮ್ಮ ಸೀರಿಯಲ್ಲಿನ ಕೆಲಸದವಳ ಹಾಗೇ ಮಾತಾಡುತ್ತೀ, ಮುದ್ದಾಗಿದೆ ಎಂದಳಂತೆ.

“ಮುದ್ದಾಗಿದೆ ಅಂದ್ರೆ ಯಾಕಜ್ಜಿ ಇಷ್ಟು ಬೇಜಾರಾಗತ್ತೆ?” ಎಂದಳು ಸಿಂಚನಾ. ಹೇಳಿದ ಮಾತು ಅವಳ ಕಿವಿಗೇ ಬಿದ್ದಿರಬೇಕು. ಮುಖ ಬಣ್ಣಗೆಟ್ಟಿತು, ತಲೆ ತಗ್ಗಿಸಿದಳು.

ಅತ್ತೆ ಹಿಟ್ಟಿನ ಡಬ್ಬಿ ಕೆಳಗಿಳಿಸಿದರು. ಆಮೇಲೆ ಕನ್ನಡದಲ್ಲಿ, ನಮ್ಮ ಮನೆಯ ಕನ್ನಡದಲ್ಲಿ, “ಯಾಕಂದ್ರ ಹಿಂದ ಪೀಪಿ ಊದಿದ್ದು ಕೇಳಿಸ್ತೈತಿ, ತಂಗಿ. ಇರ್ಲಿ ಬಿಡು, ನಿನಗೂ ಅಡಗಿಮನ್ಯಾಗ ನೌಕರಿ ಸಿಕ್ತು. ಬಾ, ರೊಟ್ಟಿ ಬಡಿಯೂಣು” ಎಂದರು. ಹುಡುಗಿ ಕಣ್ಣೊರೆಸಿಕೊಂಡು ಹಿಟ್ಟಿಗೆ ಕೈಹಾಕಿದಳು. ಅವಳು ಬಡಿದ ರೊಟ್ಟಿ ಯಾವ ಜಿಲ್ಲೆಯ ನಕ್ಷೆಯೆಂದು ತಿಳಿಯದೆ ಮೂವರೂ ನಕ್ಕೆವು.

ಅವಳು ಊಟ ಮಾಡಿ ಮೇಲೆ ಹೋದಳು. ಅತ್ತೆ ಉಳಿದ ಹಿಟ್ಟಿನ ರೊಟ್ಟಿ ಬೇಯಿಸುತ್ತ ಕೂತಿದ್ದರು. ಅವಳ ಮೇಲಿನ ಬೇಸರಕ್ಕೆ ನನ್ನ ಹತ್ತಿರವೂ ಕನ್ನಡ ಬಿಟ್ಟದ್ದು ಯಾಕೆಂದು ನಾನು ಸಲುಗೆಯಿಂದ ಕೇಳಿದೆ.

“ಅಕಿ ಸಣ್ಣಾಕಿ, ತಿಳೀದ ಅಂದ್ಳು” ಎಂದರು ಅತ್ತೆ, ಹೆಂಚಿನಿಂದ ಕಣ್ಣೆತ್ತದೆ. “ನೀ ಚಾ ಹಿಡ್ಕೊಂಡು ಬಾಜೂಕ ನಿಂತಿದ್ದಿ. ಸೀರಿಯಲ್‌ದಾಗ ಏನರೆ ಆದಾಗ ಮನೀ ಮಂದಿ ಸಾಲಾಗಿ ನಿಂತಿರ್ತಾರ ನೋಡು. ಒಬ್ಬೊಬ್ಬರ ಮಾರಿ ತೋರಸ್ತಾರ, ಯಾರೂ ಒಂದು ಮಾತು ಆಡಂಗಿಲ್ಲ. ನೀ ಅವರ ಪೈಕಿ.”

ಹಾಗಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ. ಏನು ಹೇಳುವುದೆಂದು ತಿಳಿಯದೆ ತೆರೆದುಕೊಂಡೇ ನಿಂತೆ.

ಅತ್ತೆ ಆಗ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದರು. “ಹಾಂ, ಹಿಂಗ” ಎಂದು ರೊಟ್ಟಿ ತಿರುವಿ ಹಾಕಿದರು.